ಟ್ರ್ಯಾಕ್ಟರ್ ಎಂಜಿನ್ನಿನ ಬ್ರೀದರ್: ಎಣ್ಣೆ ಸೋರಿದಾಗ ಮೊದಲು ನೋಡಬೇಕಾದ ಜಾಗ

ಮಳೆ ಬಿದ್ದು ಭೂಮಿ ಹದಕ್ಕೆ ಬಂದ ದಿನವೇ ಟ್ರ್ಯಾಕ್ಟರ್ ಕೆಟ್ಟು ನಿಂತರೆ ರೈತನಿಗೆ ಆಗುವ ನಷ್ಟ ಬರೀ ರಿಪೇರಿಯ ಖರ್ಚಲ್ಲ, ಬಿತ್ತನೆಯ ಕಾಲವೇ ಕೈತಪ್ಪುತ್ತದೆ. ಹೀಗೆ ಟ್ರ್ಯಾಕ್ಟರು ಗ್ಯಾರೇಜು ಸೇರಲು ಇರುವ ಸಾಮಾನ್ಯ ಕಾರಣಗಳಲ್ಲಿ ಎಂಜಿನ್ ಎಣ್ಣೆಯ ಸೋರಿಕೆಯೂ ಒಂದು. ಎಣ್ಣೆ ಸೋರಿದ ಕೂಡಲೇ ಆಯಿಲ್ ಸೀಲ್ ಹೋಗಿದೆ, ಟರ್ಬೊ ಹೋಗಿದೆ, ಎಂಜಿನ್ ಬಿಚ್ಚಬೇಕು ಎಂಬ ತೀರ್ಮಾನಕ್ಕೆ ಬರುವುದು ರೂಢಿ. ಕ್ರ್ಯಾಂಕಿನ ಹಿಂಭಾಗದ ಸೀಲ್ ಬದಲಾಯಿಸಬೇಕಾದರೆ ಟ್ರ್ಯಾಕ್ಟರನ್ನು ನಡುವೆ ಎರಡು ಭಾಗ ಮಾಡಬೇಕಾಗುತ್ತದೆ. ಆದರೆ ಅನೇಕ ವೇಳೆ ಸೀಲಿನಲ್ಲಿ ಯಾವ ದೋಷವೂ ಇರುವುದಿಲ್ಲ. ಎಂಜಿನ್ನಿನ ಒಳಗಿನ ಆವಿ ಹೊರಹೋಗುವ ಸಣ್ಣ ಕೊಳವೆಯೊಂದು ಕಟ್ಟಿಕೊಂಡಿರುತ್ತದೆ, ಅಷ್ಟೆ. ಈ ಕೊಳವೆಗೆ ಮತ್ತು ಅದರ ಜೊತೆಗಿರುವ ಜಾಲರಿಗೆ ‘ಬ್ರೀದರ್’ ಎನ್ನುತ್ತಾರೆ. ಟರ್ಬೊ ಅಳವಡಿಸಿದ ಎಂಜಿನ್ನುಗಳಲ್ಲಿ ಇದರ ಮಹತ್ವ ಇನ್ನೂ ಹೆಚ್ಚು. ಇದರ ಕೆಲಸವನ್ನೂ ಆರೈಕೆಯನ್ನೂ ಟ್ರ್ಯಾಕ್ಟರ್ ಹೊಂದಿರುವ ಪ್ರತಿಯೊಬ್ಬ ರೈತರೂ ತಿಳಿದಿರುವುದು ಅವಶ್ಯಕ.

ಎಂಜಿನ್ನಿನ ಒಳಗೆ ಆಗುವುದೇನು?

ಡೀಸೆಲ್ ಎಂಜಿನ್ನಿನ ಸಿಲಿಂಡರಿನಲ್ಲಿ ಪಿಸ್ಟನ್ ಮೇಲೇರಿ ಗಾಳಿಯನ್ನು ಒತ್ತಿದಾಗ ಅದರ ಗಾತ್ರ ಹದಿನಾರು ಹದಿನೆಂಟು ಪಟ್ಟು ಕುಗ್ಗುತ್ತದೆ. ಡೀಸೆಲ್ ಹೊತ್ತಿಕೊಂಡಾಗ ಒತ್ತಡ ಇನ್ನೂ ಹೆಚ್ಚುತ್ತದೆ. ಈ ಒತ್ತಡವನ್ನು ತಡೆದು ಹಿಡಿಯುವವು ಪಿಸ್ಟನ್ ರಿಂಗುಗಳು. ರಿಂಗುಗಳು ಎಷ್ಟೇ ಹೊಸದಾಗಿದ್ದರೂ ಅವುಗಳ ಸಂದಿನಿಂದ ಸ್ವಲ್ಪ ಅನಿಲ ಕೆಳಗಿನ ಕ್ರ್ಯಾಂಕ್ ಕೇಸಿಗೆ ನುಸುಳಿಯೇ ನುಸುಳುತ್ತದೆ. ಇದಕ್ಕೆ ‘ಬ್ಲೋಬೈ’ ಎಂದು ಹೆಸರು.

ಇದು ಎಷ್ಟಿರಬಹುದೆಂದು ಒಂದು ಲೆಕ್ಕದಿಂದ ತಿಳಿಯಬಹುದು. ಮೂರು ಲೀಟರ್ ಗಾತ್ರದ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಸುಮಾರು 3000 ಲೀಟರ್ ಗಾಳಿಯನ್ನು ಸೇದುತ್ತದೆ. ಅದರಲ್ಲಿ ನೂರಕ್ಕೆ ಒಂದು ಪಾಲು ನುಸುಳಿದರೂ ನಿಮಿಷಕ್ಕೆ 30 ಲೀಟರ್, ಅಂದರೆ ಎರಡು ಕೊಡದಷ್ಟು ಅನಿಲ, ಕ್ರ್ಯಾಂಕ್ ಕೇಸಿಗೆ ಬಂದು ಸೇರುತ್ತದೆ. ಇದು ಹೊರಹೋಗಲು ದಾರಿ ಇರಲೇಬೇಕು.

ಈ ಅನಿಲದ ಜೊತೆಗೆ ಮಸಿ, ಅರೆ ಸುಟ್ಟ ಡೀಸೆಲ್ ಮತ್ತು ನೀರಿನ ಆವಿ ಇರುತ್ತವೆ. ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು ಒಂದು ಲೀಟರ್ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆಂದರೆ ಆಶ್ಚರ್ಯವಾಗಬಹುದು. ಅದರ ಬಹುಭಾಗ ಸೈಲೆನ್ಸರಿನ ಮೂಲಕ ಹೋಗುತ್ತದೆ. ಸ್ವಲ್ಪ ಭಾಗ ಕೆಳಗಿಳಿಯುತ್ತದೆ. ಇದರ ಮೇಲೆ, ವೇಗವಾಗಿ ತಿರುಗುವ ಕ್ರ್ಯಾಂಕ್ ಎಣ್ಣೆಯನ್ನು ಎರಚಿ ಮಂಜಿನಂತೆ ಸಣ್ಣ ಹನಿಗಳನ್ನಾಗಿ ಮಾಡುತ್ತದೆ. ಬ್ರೀದರಿನಿಂದ ನಾವು ಕಾಣುವ ‘ಹೊಗೆ’ ಎಂದರೆ ಈ ಎಲ್ಲದರ ಮಿಶ್ರಣ. ನೀರು ಮತ್ತು ಮಸಿ ಒಳಗೇ ಉಳಿದರೆ ಎಣ್ಣೆ ಗಟ್ಟಿಯಾಗಿ ಕೆಸರಿನಂತಾಗುತ್ತದೆ, ಆಮ್ಲ ಹುಟ್ಟಿ ಬೇರಿಂಗುಗಳನ್ನು ತಿನ್ನುತ್ತದೆ.

ಒತ್ತಡ ಒಳಗೆ ನಿಂತರೆ ಆಗುವ ಹಾನಿಯನ್ನೂ ಗಮನಿಸಿ. ಸಂಪು 60 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲ ಇದೆ ಎನ್ನೋಣ. ಚದರ ಸೆಂ.ಮೀ.ಗೆ ಬರೀ 100 ಗ್ರಾಂ ಒತ್ತಡ ನಿಂತರೂ ಸಂಪಿನ ಮೇಲೆ ಬೀಳುವ ಬಲ 150 ಕಿ.ಗ್ರಾಂ. ಇಂಥ ಬಲದ ಮುಂದೆ ತೆಳುವಾದ ಗ್ಯಾಸ್ಕೆಟ್ಟು, ರಬ್ಬರ್ ಸೀಲುಗಳು ನಿಲ್ಲುವುದು ಕಷ್ಟ. ಎಣ್ಣೆ ಸಿಕ್ಕ ಸಂದಿನಲ್ಲಿ ಹೊರಬರುತ್ತದೆ.

ಬ್ರೀದರಿನ ರಚನೆ

ಬ್ರೀದರುಗಳಲ್ಲಿ ಎರಡು ವಿಧಗಳಿವೆ.

ತೆರೆದ ಬ್ರೀದರ್: ಟ್ಯಾಪೆಟ್ ಕವರಿನ ಮೇಲೆ ಅಥವಾ ಬ್ಲಾಕಿನ ಪಕ್ಕದಲ್ಲಿ ತಂತಿಜಾಲರಿ ತುಂಬಿದ ಡಬ್ಬಿ ಇರುತ್ತದೆ. ಆವಿ ಈ ಜಾಲರಿಯ ಮೂಲಕ ಹಾಯುವಾಗ ಎಣ್ಣೆಯ ಹನಿಗಳು ತಂತಿಗೆ ಅಂಟಿ ಮತ್ತೆ ಒಳಗೆ ಇಳಿಯುತ್ತವೆ. ಉಳಿದ ಆವಿ ಒಂದು ಕೊಳವೆಯ ಮೂಲಕ ಎಂಜಿನ್ನಿನ ಕೆಳಗೆ ಹೊರಬೀಳುತ್ತದೆ. ಹಳೆಯ ಟ್ರ್ಯಾಕ್ಟರುಗಳಲ್ಲಿ ಇದೇ ಸಾಮಾನ್ಯ.

ಮುಚ್ಚಿದ ಬ್ರೀದರ್: ಇದರಲ್ಲಿ ಆವಿಯನ್ನು ಹೊರಗೆ ಬಿಡದೆ ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ಗಾಳಿಯ ಕೊಳವೆಗೆ ಸೇರಿಸಿ, ಎಂಜಿನ್ನಿನಲ್ಲೇ ಸುಡಲಾಗುತ್ತದೆ. ದಾರಿಯಲ್ಲಿ ಎಣ್ಣೆ ಬೇರ್ಪಡಿಸುವ ಡಬ್ಬಿಯೂ, ಕೆಲವು ಎಂಜಿನ್ನುಗಳಲ್ಲಿ ರಬ್ಬರ್ ಪರದೆಯುಳ್ಳ ಕವಾಟವೂ ಇರುತ್ತದೆ. ಹೊಸ ಮಾದರಿಯ ಎಂಜಿನ್ನುಗಳಲ್ಲಿ ಇದರ ಬಳಕೆ ಹೆಚ್ಚು.

ಟರ್ಬೊ ಇದ್ದಾಗ ವ್ಯತ್ಯಾಸವೇನು?

ಎಂಜಿನ್ನಿಗೆ ಗಾಳಿಯನ್ನು ಒತ್ತಡದಿಂದ ತುಂಬಿಸಿ ಹೆಚ್ಚು ಶಕ್ತಿ ಪಡೆಯುವ ವಿಧಾನಕ್ಕೆ ಸೂಪರ್‌ಚಾರ್ಜಿಂಗ್ ಎನ್ನುತ್ತಾರೆ. ಗಾಳಿ ತುಂಬುವ ಪಂಪನ್ನು ಬೆಲ್ಟಿನಿಂದ ಅಥವಾ ಗೇರಿನಿಂದ ತಿರುಗಿಸಬಹುದು. ಹೊರಹೋಗುವ ಹೊಗೆಯ ಬಲದಿಂದಲೇ ತಿರುಗಿಸಿದರೆ ಅದು ಟರ್ಬೊ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಈ ಉಪಾಯಕ್ಕೆ ಪೇಟೆಂಟ್ ಪಡೆದಿದ್ದರು. ಟ್ರ್ಯಾಕ್ಟರುಗಳಲ್ಲಿ ಬಳಸುವುದು ಈ ಟರ್ಬೊವನ್ನೇ. ಟರ್ಬೊ ಇರುವ ಎಂಜಿನ್ನಿನಲ್ಲಿ ನಾಲ್ಕು ಸಂಗತಿಗಳನ್ನು ನೆನಪಿಡಬೇಕು.

1. ಸಿಲಿಂಡರಿನೊಳಗೆ ಒತ್ತಡ ಹೆಚ್ಚುವುದರಿಂದ ರಿಂಗುಗಳ ಸಂದಿನಿಂದ ನುಸುಳುವ ಅನಿಲವೂ ಹೆಚ್ಚುತ್ತದೆ. ನೇಗಿಲು, ರೋಟವೇಟರ್ ಎಳೆಯುವಾಗ ಇದು ಅತಿ ಹೆಚ್ಚು.

2. ಟರ್ಬೊದ ದಂಡವು ನಿಮಿಷಕ್ಕೆ ಒಂದು ಲಕ್ಷ ಸುತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು ತಿರುಗುತ್ತದೆ. ಅದಕ್ಕೆ ಎಂಜಿನ್ ಎಣ್ಣೆಯೇ ಆಧಾರ. ಎಣ್ಣೆ ಪಂಪಿನ ಒತ್ತಡದಿಂದ ಟರ್ಬೊದ ಒಳಗೆ ಹೋಗುತ್ತದೆ. ಆದರೆ ಹಿಂದಿರುಗುವಾಗ ಯಾವ ಒತ್ತಡವೂ ಇಲ್ಲದೆ, ಗದ್ದೆಯ ತೂಬಿನಿಂದ ನೀರು ಇಳಿಯುವಂತೆ, ತನ್ನ ಭಾರದಿಂದಲೇ ಸಂಪಿಗೆ ಇಳಿಯಬೇಕು. ಕೆಳಗಿನ ಗದ್ದೆ ತುಂಬಿ ನಿಂತರೆ ಮೇಲಿನ ಗದ್ದೆಯ ನೀರು ಬಸಿಯುವುದಿಲ್ಲ. ಹಾಗೆಯೇ ಕ್ರ್ಯಾಂಕ್ ಕೇಸಿನಲ್ಲಿ ಒತ್ತಡ ನಿಂತರೆ ಟರ್ಬೊದ ಎಣ್ಣೆ ಇಳಿಯದೆ ಅಲ್ಲೇ ತುಂಬಿಕೊಂಡು, ಅದರ ಸೀಲುಗಳನ್ನು ದಾಟಿ ಒಂದು ಕಡೆ ಗಾಳಿಯ ಕೊಳವೆಗೂ ಇನ್ನೊಂದು ಕಡೆ ಸೈಲೆನ್ಸರಿಗೂ ಹೋಗುತ್ತದೆ. ನೀಲಿ ಹೊಗೆ ಬರುತ್ತದೆ. ಆಗ ಟರ್ಬೊ ಕೆಟ್ಟಿದೆ ಎಂದು ಹೊಸದನ್ನು ಹಾಕಿದರೂ ಕೆಲವೇ ದಿನಗಳಲ್ಲಿ ಅದೂ ಎಣ್ಣೆ ಕಾರುತ್ತದೆ. ಕಾರಣ, ಮೂಲದೋಷ ಬ್ರೀದರಿನಲ್ಲಿ ಹಾಗೇ ಉಳಿದಿರುತ್ತದೆ.

3. ಮುಚ್ಚಿದ ಬ್ರೀದರಿನ ಕೊಳವೆಯನ್ನು ಯಾವಾಗಲೂ ಏರ್ ಕ್ಲೀನರ್ ಮತ್ತು ಟರ್ಬೊಗಳ ನಡುವೆ ಸೇರಿಸಿರುತ್ತಾರೆ. ಅಲ್ಲಿ ಗಾಳಿಯ ಸೆಳೆತವಿದೆ. ಟರ್ಬೊ ದಾಟಿದ ಮೇಲೆ ಇರುವುದು ಸೆಳೆತವಲ್ಲ, ಒತ್ತಡ. ಅಲ್ಲಿಗೆ ಸೇರಿಸಿದರೆ ಗಾಳಿ ತಿರುಗಿ ಕ್ರ್ಯಾಂಕ್ ಕೇಸಿಗೇ ನುಗ್ಗುತ್ತದೆ. ಆದುದರಿಂದ ಬಿಚ್ಚಿದ ಕೊಳವೆಯನ್ನು ಇದ್ದ ಜಾಗಕ್ಕೇ ಜೋಡಿಸತಕ್ಕದ್ದು.

4. ಏರ್ ಕ್ಲೀನರ್ ಧೂಳಿನಿಂದ ಕಟ್ಟಿಕೊಂಡರೆ ಟರ್ಬೊದ ಮುಂದಿನ ಸೆಳೆತ ಅತಿಯಾಗುತ್ತದೆ. ಆಗ ಅದು ಮುಚ್ಚಿದ ಬ್ರೀದರಿನ ಮೂಲಕ ಎಣ್ಣೆಯ ಮಂಜನ್ನು ಹೆಚ್ಚಾಗಿ ಎಳೆದುಕೊಳ್ಳುತ್ತದೆ. ಎಣ್ಣೆ ಕಡಿಮೆಯಾಗುತ್ತಿದೆ ಎಂಬ ದೂರಿಗೆ ಏರ್ ಕ್ಲೀನರೂ ಕಾರಣವಾಗಬಹುದು.

ಕಾರು ಮತ್ತು ಜೀಪುಗಳಲ್ಲಿ

ಮೊದಮೊದಲು ಕಾರುಗಳಲ್ಲೂ ಈ ಆವಿಯನ್ನು ರಸ್ತೆಗೇ ಬಿಡುತ್ತಿದ್ದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊಗೆಮಂಜಿನ ಕಾಟ ಹೆಚ್ಚಿದಾಗ ಅಲ್ಲಿನ 1961ರ ಮಾದರಿಯ ಹೊಸ ಕಾರುಗಳಿಗೆ ಆವಿಯನ್ನು ಎಂಜಿನ್ನಿಗೇ ಹಿಂದಿರುಗಿಸುವ ಕವಾಟ ಬಂದಿತು. 1963ರ ಹೊತ್ತಿಗೆ ಅದು ಆ ದೇಶದ ಎಲ್ಲೆಡೆಯ ಹೊಸ ಕಾರುಗಳಿಗೂ ಹರಡಿತು. ಇದನ್ನು ‘ಪಿ.ಸಿ.ವಿ. ಕವಾಟ’ ಎನ್ನುತ್ತಾರೆ.

ಟರ್ಬೊ ಇರುವ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ನಿಧಾನವಾಗಿ ಓಡುವಾಗ ಎಂಜಿನ್ನಿನ ಸೆಳೆತವೇ ಈ ಕವಾಟದ ಮೂಲಕ ಆವಿಯನ್ನು ಎಳೆದುಕೊಳ್ಳುತ್ತದೆ. ಟರ್ಬೊ ಗಾಳಿ ತುಂಬಲು ತೊಡಗಿದಾಗ ಆ ದಾರಿ ಮುಚ್ಚಿ, ಆವಿ ಟರ್ಬೊದ ಮುಂದಿನ ಕೊಳವೆಗೆ ಹೋಗುತ್ತದೆ. ಕವಾಟ ಸರಿಯಾಗಿ ಮುಚ್ಚದಿದ್ದರೆ ಟರ್ಬೊದ ಗಾಳಿ ಕ್ರ್ಯಾಂಕ್ ಕೇಸಿಗೆ ನುಗ್ಗಿ ಸೀಲುಗಳು ಸೋರುತ್ತವೆ. ಪೆಟ್ರೋಲ್ ಎಂಜಿನ್ನಿಗೆ ಎಣ್ಣೆಯ ಆವಿ ಹೆಚ್ಚಾಗಿ ಹೋದರೆ ಕಟಕಟ ಹೊಡೆತದ ಶಬ್ದವೂ ಬರಬಹುದು. ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇದ್ದರೆ, ಕಾರಾಗಲಿ ಟ್ರ್ಯಾಕ್ಟರಾಗಲಿ, ಅದರೊಳಗೆ ಎಣ್ಣೆಯ ಪದರ ಕುಳಿತು ತಣಿಸುವ ಶಕ್ತಿ ಕುಂದುತ್ತದೆ.

ಬ್ರೀದರ್ ಕಟ್ಟಿಕೊಳ್ಳಲು ಕಾರಣಗಳು

1. ಎಣ್ಣೆ ಬದಲಾಯಿಸುವುದನ್ನು ಮುಂದೂಡಿ, ಕೆಸರು ಮತ್ತು ಮಸಿ ಜಾಲರಿಯಲ್ಲಿ ತುಂಬುವುದು.

2. ಕಬ್ಬಿಣದ ಚಕ್ರ ಹಾಕಿ ಗದ್ದೆಯಲ್ಲಿ ಕೆಸರು ಕಲಸುವಾಗ ಕೊಳವೆಯ ತುದಿಗೆ ಮಣ್ಣು ಮೆತ್ತಿಕೊಳ್ಳುವುದು.

3. ಟ್ರ್ಯಾಕ್ಟರನ್ನು ವಾರಗಟ್ಟಲೆ ನಿಲ್ಲಿಸಿದಾಗ ಮಣ್ಣಿನ ಗೂಡು ಕಟ್ಟುವ ಕಡಜದ ಹುಳು ಕೊಳವೆಯೊಳಗೆ ಗೂಡು ಕಟ್ಟುವುದು.

4. ಒಕ್ಕಣೆಯ ಕಾಲದಲ್ಲಿ ಎಣ್ಣೆಯ ತೇವಕ್ಕೆ ಧೂಳು, ಹೊಟ್ಟು ಅಂಟಿ ಗಟ್ಟಿಯಾಗುವುದು.

5. ರಬ್ಬರ್ ಕೊಳವೆ ಹಳೆಯದಾಗಿ ಒಳಗೇ ಮೆತ್ತಗಾಗಿ ಅಂಟಿಕೊಳ್ಳುವುದು, ಅಥವಾ ರಿಪೇರಿಯ ನಂತರ ಮಡಿಸಿ ಕೂರಿಸುವುದು.

6. ಎಣ್ಣೆ ತೊಟ್ಟಿಕ್ಕುತ್ತದೆಂದು ಕೊಳವೆಗೆ ಬಟ್ಟೆ ತುರುಕುವುದು, ಬೆಣೆ ಹೊಡೆಯುವುದು, ಪ್ಲಾಸ್ಟಿಕ್ ಬಾಟಲಿಯನ್ನು ಬಿಗಿಯಾಗಿ ಕಟ್ಟುವುದು. ಇದು ಅತ್ಯಂತ ಹಾನಿಕರ.

ಗುರುತಿಸುವ ಲಕ್ಷಣಗಳು

ಒಂದೇ ಬಾರಿಗೆ ಎರಡು ಮೂರು ಕಡೆಗಳಿಂದ ಎಣ್ಣೆ ಜಿನುಗತೊಡಗಿದರೆ ಮೊದಲು ಬ್ರೀದರನ್ನು ಅನುಮಾನಿಸಬೇಕು. ಎಲ್ಲ ಸೀಲುಗಳೂ ಒಂದೇ ವಾರದಲ್ಲಿ ಕೆಡುವುದು ಅಪರೂಪ. ಎಣ್ಣೆ ಅಳೆಯುವ ಕಡ್ಡಿ ತಾನಾಗಿ ಮೇಲೆದ್ದಿರುವುದು, ಕ್ಲಚ್ ಹೌಸಿಂಗಿನ ಅಡಿಯ ರಂಧ್ರದಿಂದ ಎಂಜಿನ್ ಎಣ್ಣೆ ತೊಟ್ಟಿಕ್ಕುವುದು, ಕ್ಲಚ್ ಜಾರುವುದು, ಟರ್ಬೊದ ಕೊಳವೆಗಳಲ್ಲಿ ಎಣ್ಣೆ ನಿಂತಿರುವುದು ಮತ್ತು ನೀಲಿ ಹೊಗೆ ಇತರ ಲಕ್ಷಣಗಳು. ಮುಚ್ಚಿದ ಬ್ರೀದರಿನ ರಬ್ಬರ್ ಪರದೆ ಹರಿದಿದ್ದರೆ ಸಿಳ್ಳಿನಂಥ ಶಬ್ದ ಬರುವುದುಂಟು.

ಎಣ್ಣೆ ಹಾಕುವ ಮುಚ್ಚಳದ ಒಳಬದಿಯಲ್ಲಿ ಬೆಣ್ಣೆಯಂಥ ಬಿಳಿ ಕೆನೆ ಕಂಡರೆ ಗಾಬರಿ ಬೇಡ. ಮಳೆಗಾಲದಲ್ಲಿ ಎಂಜಿನ್ನನ್ನು ಬಿಸಿಯೇರುವ ಮೊದಲೇ ಆಗಾಗ ನಿಲ್ಲಿಸಿದರೆ ನೀರಿನ ಆವಿ ಅಲ್ಲಿ ತಣಿದು ಹೀಗಾಗುತ್ತದೆ. ಆದರೆ ಅಳತೆ ಕಡ್ಡಿಯ ಎಣ್ಣೆಯೂ ಹಾಲುಬಣ್ಣಕ್ಕೆ ತಿರುಗಿದ್ದರೆ, ಅಥವಾ ಸಂಪಿನ ಎಣ್ಣೆಯ ಮಟ್ಟ ತಾನಾಗಿ ಏರಿದ್ದರೆ, ರೇಡಿಯೇಟರಿನ ನೀರು ಒಳಗೆ ಸೋರುತ್ತಿರಬಹುದು. ಆಗ ಎಂಜಿನ್ ಚಾಲೂ ಮಾಡದೆ ಮೆಕ್ಯಾನಿಕ್ಕನ್ನು ಕರೆಸಬೇಕು.

ದೋಷ ಬ್ರೀದರಿನದೋ ರಿಂಗಿನದೋ?

ಇದನ್ನು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು ಸಾಕು.

ಮೊದಲು ಎಂಜಿನ್ನನ್ನು ಚೆನ್ನಾಗಿ ಬಿಸಿ ಮಾಡಿ ನಿಲ್ಲಿಸಬೇಕು. ಎಣ್ಣೆ ಹಾಕುವ ಮುಚ್ಚಳವನ್ನು ತೆಗೆದು, ಆ ಬಾಯಿಗೆ ರಂಧ್ರ ಕೊರೆದ ರಬ್ಬರ್ ಬಿರಡೆಯನ್ನು ಬಿಗಿಯಾಗಿ ಕೂರಿಸಿ, ರಂಧ್ರಕ್ಕೆ ಪೈಪಿನ ಒಂದು ತುದಿಯನ್ನು ಜೋಡಿಸಬೇಕು. ಪೈಪಿನ ಉಳಿದ ಭಾಗವನ್ನು ‘ಯು’ ಆಕಾರದಲ್ಲಿ ಇಳಿಬಿಟ್ಟು, ಎರಡೂ ತೋಳುಗಳು ಅರ್ಧ ಮೀಟರಿಗಿಂತ ಎತ್ತರವಿರುವಂತೆ ಒಂದು ಹಲಗೆಗೆ ಕಟ್ಟಬೇಕು. ಕೆಳಗಿನ ಬಾಗಿನಲ್ಲಿ ಗೇಣುದ್ದದಷ್ಟು ಮಾತ್ರ ನೀರಿರಲಿ; ಹೆಚ್ಚು ತುಂಬಿದರೆ ಎಂಜಿನ್ನಿನೊಳಗೆ ಸೇರುವ ಅಪಾಯವಿದೆ. ಇನ್ನೊಂದು ತುದಿ ತೆರೆದಿರಬೇಕು. ಪೈಪು ಫ್ಯಾನಿಗಾಗಲಿ ಬಿಸಿ ಭಾಗಗಳಿಗಾಗಲಿ ತಾಗದಂತೆ ನೋಡಿಕೊಳ್ಳಬೇಕು.

ಈಗ ಎಂಜಿನ್ ಚಾಲೂ ಮಾಡಿ, ಮೊದಲು ನಿಧಾನವಾಗಿ, ನಂತರ ಮಧ್ಯಮ ವೇಗದಲ್ಲಿ ಓಡಿಸಿ ನೀರಿನ ಮಟ್ಟ ನೋಡಿ. ಸುಸ್ಥಿತಿಯ ಎಂಜಿನ್ನಿನಲ್ಲಿ ಎರಡೂ ಕಡೆಯ ಮಟ್ಟದಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಮುಚ್ಚಿದ ಬ್ರೀದರ್ ಇದ್ದರೆ ನೀರು ಎಂಜಿನ್ನಿನ ಕಡೆಗೆ ಸ್ವಲ್ಪ ಸರಿಯಬಹುದು. ತೆರೆದ ತುದಿಯ ಕಡೆ ನೀರು ಗಣನೀಯವಾಗಿ ಏರಿದರೆ ಕ್ರ್ಯಾಂಕ್ ಕೇಸಿನಲ್ಲಿ ಒತ್ತಡ ನಿಂತಿದೆ ಎಂದರ್ಥ. ಆಗ ಎಂಜಿನ್ ನಿಲ್ಲಿಸಿ, ಬ್ರೀದರಿನ ಡಬ್ಬಿ ಮತ್ತು ಕೊಳವೆಯನ್ನು ಬಿಚ್ಚಿಟ್ಟು ಮತ್ತೊಮ್ಮೆ ನೋಡಬೇಕು. ಮುಚ್ಚಿದ ಬ್ರೀದರಾದರೆ ಗಾಳಿಯ ಕೊಳವೆಯಲ್ಲಿ ತೆರೆದುಕೊಂಡ ಬಾಯಿಯನ್ನು ಧೂಳು ಹೋಗದಂತೆ ಮುಚ್ಚಿರಬೇಕು.

ಬ್ರೀದರ್ ಬಿಚ್ಚಿದ ಮೇಲೆ ಒತ್ತಡ ಇಳಿದರೆ ದೋಷ ಬ್ರೀದರಿನದು. ಶುಚಿ ಮಾಡಿದರೆ ಕೆಲಸ ಮುಗಿಯಿತು. ಬಿಚ್ಚಿದರೂ ಆ ಬಾಯಿಯಿಂದ ಹೊಗೆ ರಭಸವಾಗಿ ಬುಸುಗುಡುತ್ತಿದ್ದರೆ ರಿಂಗು, ಲೈನರುಗಳು ಸವೆದಿರುವ ಅಥವಾ ರಿಂಗುಗಳು ಮಸಿಯಲ್ಲಿ ಅಂಟಿಕೊಂಡಿರುವ ಸಂಭವ ಹೆಚ್ಚು. ಟರ್ಬೊದ ಸೀಲು ಸವೆದಾಗ ಮತ್ತು ಟ್ರೈಲರ್ ಬ್ರೇಕಿನ ಗಾಳಿಯ ಕಂಪ್ರೆಸರ್ ಸವೆದಾಗಲೂ ಗಾಳಿ ಕ್ರ್ಯಾಂಕ್ ಕೇಸಿಗೆ ಬರುವುದುಂಟು. ಆದ್ದರಿಂದ ಎಂಜಿನ್ ಬಿಚ್ಚುವ ಮೊದಲು ಮೆಕ್ಯಾನಿಕ್ಕಿನಿಂದ ಇವುಗಳನ್ನೂ ನೋಡಿಸಿ. ಒತ್ತಡದ ಖಚಿತ ಮಿತಿಗಳು ಆಯಾ ಎಂಜಿನ್ನಿನ ಸರ್ವಿಸ್ ಕೈಪಿಡಿಯಲ್ಲಿರುತ್ತವೆ.

ಶುಚಿ ಮಾಡುವ ಕ್ರಮ

1. ಎಂಜಿನ್ ತಣ್ಣಗಾದ ಮೇಲೆ ಬ್ರೀದರಿನ ಸುತ್ತಲಿನ ಧೂಳನ್ನು ಒರೆಸಿ ನಂತರ ಬಿಚ್ಚಿ.

2. ತಂತಿಜಾಲರಿಯನ್ನು ಡೀಸೆಲಿನಲ್ಲಿ ನೆನೆಸಿ, ಬ್ರಷ್ಷಿನಿಂದ ಉಜ್ಜಿ ತೊಳೆದು, ಪೂರ್ತಿ ಒಣಗಿಸಿ. ಪೆಟ್ರೋಲ್ ಬಳಸಬೇಡಿ, ಬೆಂಕಿಯ ಅಪಾಯವಿದೆ.

3. ಕಾಗದ ಅಥವಾ ನಾರಿನ ಫಿಲ್ಟರ್ ಇದ್ದರೆ ಅದನ್ನು ತೊಳೆಯಬಾರದು. ಕೈಪಿಡಿಯಲ್ಲಿ ಹೇಳಿದ ಗಂಟೆಗಳಿಗೆ ಸರಿಯಾಗಿ ಬದಲಾಯಿಸಬೇಕು. ರಬ್ಬರ್ ಪರದೆ ಹರಿದಿದ್ದರೆ ಅದನ್ನೂ ಬದಲಾಯಿಸಬೇಕು.

4. ಕೊಳವೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ತಂತಿ ಹಾಯಿಸಿ, ಗಾಳಿ ಊದಿ, ದಾರಿ ತೆರೆದಿದೆಯೇ ನೋಡಿ. ಮೆತ್ತಗಾದ ರಬ್ಬರ್ ಕೊಳವೆಯನ್ನು ಎಣ್ಣೆ ತಡೆಯುವ ಹೊಸ ಕೊಳವೆಯಿಂದ ಬದಲಾಯಿಸಿ.

5. ಟರ್ಬೊದಿಂದ ಎಣ್ಣೆ ಹಿಂದಿರುಗುವ ಕೊಳವೆ ಎಲ್ಲೂ ತಗ್ಗು, ಮಡಿಕೆ ಇಲ್ಲದೆ ಕೆಳಮುಖವಾಗಿರುವುದನ್ನು ಖಚಿತಪಡಿಸಿಕೊಳ್ಳಿ.

ಪ್ರತಿ ಬಾರಿ ಎಂಜಿನ್ ಎಣ್ಣೆ ಬದಲಾಯಿಸುವಾಗ ಬ್ರೀದರನ್ನೂ ಶುಚಿ ಮಾಡುವ ರೂಢಿ ಇಟ್ಟುಕೊಳ್ಳುವುದು ಉತ್ತಮ. ಕೆಸರುಗದ್ದೆಯ ಕೆಲಸ ಮುಗಿದ ದಿನ ಕೊಳವೆಯ ತುದಿಯನ್ನು ನೋಡಿ ಮಣ್ಣು ತೆಗೆಯಬೇಕು.

ಎಂಜಿನ್ ಹತೋಟಿ ತಪ್ಪಿದಾಗ

ಬಹಳ ಮಂದಿಗೆ ತಿಳಿಯದ ಅಪಾಯವೊಂದಿದೆ. ಡೀಸೆಲ್ ಎಂಜಿನ್ನಿಗೆ ಎಣ್ಣೆಯ ಆವಿಯೂ ಇಂಧನವೇ. ಸಂಪಿನಲ್ಲಿ ಎಣ್ಣೆ ಅತಿಯಾಗಿ ತುಂಬಿದ್ದರೆ, ಟರ್ಬೊದ ಸೀಲು ಪೂರ್ತಿ ಹೋಗಿದ್ದರೆ, ಅಥವಾ ಮುಚ್ಚಿದ ಬ್ರೀದರಿನಿಂದ ಎಣ್ಣೆ ಧಾರಾಳವಾಗಿ ಗಾಳಿಯ ಕೊಳವೆಗೆ ಹೋದರೆ, ಎಂಜಿನ್ ತನ್ನ ಎಣ್ಣೆಯನ್ನೇ ಸುಡುತ್ತಾ ವೇಗ ಏರಿಸಿಕೊಂಡು ಓಡುತ್ತದೆ. ಆಗ ಡೀಸೆಲ್ ನಿಲ್ಲಿಸಿದರೂ, ಕೀಲಿ ತೆಗೆದರೂ ಅದು ನಿಲ್ಲುವುದಿಲ್ಲ. ಸಿಡಿದು ಚೂರಾಗುವವರೆಗೂ ಹೋಗಬಹುದು.

ಇಂಥ ಸಮಯದಲ್ಲಿ ಹತ್ತಿರ ಇರುವವರನ್ನು, ಮುಖ್ಯವಾಗಿ ಮಕ್ಕಳನ್ನು, ಕೂಡಲೇ ದೂರ ಕಳಿಸಬೇಕು. ಚಾಲಕ ಸೀಟಿನ ಮೇಲಿದ್ದು ಮುಂದೆ ಹಿಂದೆ ಯಾರೂ ಇಲ್ಲದಿದ್ದರೆ, ದೊಡ್ಡ ಗೇರಿಗೆ ಹಾಕಿ, ಎರಡೂ ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು ಕ್ಲಚ್ ಬಿಟ್ಟರೆ ಎಂಜಿನ್ ಭಾರಕ್ಕೆ ನಿಲ್ಲಬಹುದು. ಇಲ್ಲವಾದರೆ ಗಾಳಿಯನ್ನು ತಡೆಯುವುದೊಂದೇ ಉಪಾಯ. ಏರ್ ಕ್ಲೀನರಿನ ಬಾಯಿಗೆ ದಪ್ಪ ಹಲಗೆಯನ್ನು ಅದುಮಬೇಕು, ಅಥವಾ ಮಡಿಸಿದ ಒದ್ದೆ ಗೋಣಿಚೀಲವನ್ನು ಸುತ್ತಿ ಬಿಗಿಯಾಗಿ ಒತ್ತಬೇಕು. ಕೈಯನ್ನು ಎಂದಿಗೂ ಅಡ್ಡ ಇಡಬಾರದು. ಟರ್ಬೊದ ಕೊಳವೆಯನ್ನು ಓಡುತ್ತಿರುವಾಗ ಬಿಚ್ಚಬಾರದು. ಹತ್ತಿರ ಹೋಗಲು ಆಗದಿದ್ದರೆ ಎಂಜಿನ್ನಿನ ಆಸೆ ಬಿಟ್ಟು ದೂರ ಸರಿಯುವುದೇ ಸರಿ. ಟ್ರ್ಯಾಕ್ಟರಿಗಿಂತ ಜೀವ ದೊಡ್ಡದು.

ಗಮನದಲ್ಲಿಡಬೇಕಾದ ಅಂಶಗಳು

• ಎಣ್ಣೆಯ ಮಟ್ಟ ಕಡ್ಡಿಯ ಮೇಲಿನ ಗೆರೆ ದಾಟಬಾರದು. ಹೆಚ್ಚು ಹಾಕಿದರೆ ಕ್ರ್ಯಾಂಕ್ ಎಣ್ಣೆಯನ್ನು ಕಡೆದು ನೊರೆ, ಮಂಜು ಎಬ್ಬಿಸುತ್ತದೆ.

• ಏರ್ ಕ್ಲೀನರನ್ನು ಅಲಕ್ಷಿಸಬೇಡಿ. ರಿಂಗು ಸವೆಯಲು ಧೂಳೇ ಮುಖ್ಯ ಕಾರಣ. ಅದರಿಂದಲೇ ಬ್ಲೋಬೈ ಹೆಚ್ಚುತ್ತದೆ.

• ಎಂಜಿನ್ನನ್ನು ಗಂಟೆಗಟ್ಟಲೆ ಸುಮ್ಮನೆ ಓಡಲು ಬಿಡಬೇಡಿ. ಹಗುರ ಓಟದಲ್ಲಿ ರಿಂಗುಗಳಿಗೆ ಮಸಿ ಕಟ್ಟುತ್ತದೆ.

• ಭಾರವಾದ ಕೆಲಸದ ನಂತರ ಎರಡು ಮೂರು ನಿಮಿಷ ನಿಧಾನವಾಗಿ ಓಡಿಸಿ ಆಮೇಲೆ ನಿಲ್ಲಿಸಿ. ಕೂಡಲೇ ನಿಲ್ಲಿಸಿದರೆ ಬಿಸಿ ಟರ್ಬೊದಲ್ಲಿ ಎಣ್ಣೆ ಸುಟ್ಟು ಗಟ್ಟಿಯಾಗುತ್ತದೆ.

• ತೊಟ್ಟಿಕ್ಕುವ ಎಣ್ಣೆಯನ್ನು ಹಿಡಿಯಲು ಡಬ್ಬಿ ಕಟ್ಟುವುದಾದರೆ ಅದರ ಬಾಯಿ ಸಡಿಲವಾಗಿ ತೆರೆದಿರಲಿ.

• ಒಕ್ಕಣೆಯ ಕಾಲದಲ್ಲಿ ಟರ್ಬೊ ಮತ್ತು ಸೈಲೆನ್ಸರಿನ ಬಳಿ ಎಣ್ಣೆ ಹತ್ತಿದ ಹೊಟ್ಟು ಸೇರದಂತೆ ದಿನವೂ ಶುಚಿ ಮಾಡಿ. ಬೆಂಕಿ ಹತ್ತಲು ಇಷ್ಟೇ ಸಾಕು.

• ಮುಚ್ಚಿದ ಬ್ರೀದರನ್ನು ತೆಗೆದು ಬೇರೆ ರೀತಿ ಮಾರ್ಪಡಿಸಬೇಡಿ. ಹೊಸ ಟ್ರ್ಯಾಕ್ಟರಾದರೆ ಗ್ಯಾರಂಟಿಯ ಹಕ್ಕಿಗೂ ತೊಂದರೆಯಾಗಬಹುದು.

ಬ್ರೀದರನ್ನು ಶುಚಿ ಮಾಡಲು ಬೇಕಾದುದು ಒಂದೆರಡು ಪಾನಾ, ಸ್ವಲ್ಪ ಡೀಸೆಲ್ ಮತ್ತು ಅರ್ಧ ಗಂಟೆಯ ಸಮಯ. ಎಣ್ಣೆ ಸೋರಿದಾಗ ಸೀಲು, ಟರ್ಬೊ, ರಿಂಗುಗಳ ಕಡೆ ಹೋಗುವ ಮೊದಲು ಈ ಅರ್ಧ ಗಂಟೆಯನ್ನು ವ್ಯಯಿಸಿದರೆ ಬೇಡದ ರಿಪೇರಿ ತಪ್ಪುತ್ತದೆ. ರಿಂಗುಗಳೇ ನಿಜವಾಗಿ ಸವೆದಿದ್ದರೆ ಅದೂ ಮುಂಚಿತವಾಗಿ ತಿಳಿದು, ಬಿತ್ತನೆ ಮುಗಿದ ಬಿಡುವಿನಲ್ಲಿ ಎಂಜಿನ್ ಕೆಲಸ ಮಾಡಿಸಿಕೊಳ್ಳಬಹುದು. ಹೆಚ್ಚಿನ ತಿಳಿವಳಿಕೆ ಬೇಕಾದವರು ತಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.